ಕಂಪ್ಯೂಟರಿಗಿಂತ ಮೊದಲು ಕೊಂಡ ಬೀಗ

ಮಡಕಶಿರದ ಬಸ್ ನಿಲ್ದಾಣಕ್ಕೆ ರುದ್ರಪ್ಪನವರು ನನಗಿಂತ ಮೊದಲೇ ಬಂದು ನಿಂತಿದ್ದರು. ಕೈಯಲ್ಲಿ ಕಾಗದ ಸುತ್ತಿದ ದಪ್ಪನೆಯ ಹಿತ್ತಾಳೆ ಬೀಗ. "ಕಂಪ್ಯೂಟರ್ ರೂಮಿಗೆ ಕಣಮ್ಮ" ಎಂದರು. ಯಾವ ಕಂಪ್ಯೂಟರ್ ಕೊಳ್ಳುವುದೆಂದು ಇನ್ನೂ ಗೊತ್ತಿಲ್ಲ, ಬೀಗ ಮಾತ್ರ ಸಿದ್ಧವಾಗಿತ್ತು. ನಗು ಬಂತು, ತಡೆದುಕೊಂಡೆ. ವಾಪಸು ಬರುವವರೆಗೂ ಅವರ ಜೊತೆಯೇ ಇರಬೇಕಲ್ಲ.

ನಾನು ಆಂಧ್ರದ ಗಡಿಯೊಳಗಿನ ಗುಡಿಬಂಡೆ ಹತ್ತಿರದ ಹಳ್ಳಿಯ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ರುದ್ರಪ್ಪನವರು ನಮ್ಮ ಪೋಷಕರ ಸಮಿತಿಯ ಅಧ್ಯಕ್ಷರು. ಊರಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ನಮ್ಮ ಮಕ್ಕಳು ಇದುವರೆಗೆ ಕಂಪ್ಯೂಟರ್ ಕಲಿತದ್ದೆಲ್ಲ ಕರಿಹಲಗೆಯ ಮೇಲಿನ ಚಿತ್ರದಲ್ಲಿ. ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಂಡು ಅದರ ಮೇಲೆ ಬೆರಳಾಡಿಸುತ್ತಿದ್ದರು. ಈಗ ಊರಿನವರೂ ಹಳೆಯ ವಿದ್ಯಾರ್ಥಿಗಳೂ ಸೇರಿ ವಂತಿಗೆ ಎತ್ತಿ ಕೊಟ್ಟಿದ್ದರು. ನಮ್ಮೂರಲ್ಲಿ ಇಂಥ ವಂತಿಗೆ ಇನ್ನೊಮ್ಮೆ ಏಳುವುದಿಲ್ಲ. ಕೆಲಸಕ್ಕೆ ಬಾರದ ಮಾಲು ತಂದರೆ ಮಕ್ಕಳು ಮತ್ತೆ ರಟ್ಟಿಗೇ. ಸಮೀಪದ ಅಂಗಡಿಯವರೊಬ್ಬರು ಕನ್ನಡ ಹಾಕಿಕೊಡಲು ಬರುವುದಿಲ್ಲ, ತೆಲುಗು, ಇಂಗ್ಲಿಷು ಸಾಲದೇ ಎಂದು ಕೇಳಿದ್ದರು. ಆವತ್ತೇ ತೀರ್ಮಾನಿಸಿದೆ: ಕಂಪ್ಯೂಟರ್ ಕೊಂಡಿರುವ ಇನ್ನೊಂದು ಕನ್ನಡ ಶಾಲೆಯನ್ನು ಕಣ್ಣಾರೆ ನೋಡಬೇಕು, ಆಮೇಲೆ ಕನ್ನಡ ನಡೆಯುವ ರಾಯದುರ್ಗದಲ್ಲಿ ಕೊಳ್ಳಬೇಕು.

ಪಾವಗಡದ ಬಸ್ಸಿನಲ್ಲಿ, ಹೆಂಗಸರಿಗೆ ಪುಕ್ಕಟೆಯಲ್ಲವೇ ಎಂದು ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರು ಅದರ ಮುಖವನ್ನೂ ನೋಡದೆ, "ರಾಜ್ಯ ದಾಟೋ ಬಸ್ಸಮ್ಮ, ಟಿಕೆಟ್ ತಗೋಬೇಕು" ಎಂದ. ಪಾವಗಡದಿಂದ ಕಲ್ಯಾಣದುರ್ಗಕ್ಕೂ ಅದೇ ಮಾತು. ಮಾತು ಕನ್ನಡದ್ದು, ಕಾರ್ಡು ಆಂಧ್ರದ್ದು. ಗಡಿಯವರ ಹಣೆಬರಹವೇ ಇಷ್ಟು. ಕಲ್ಯಾಣದುರ್ಗದಲ್ಲಿ ಆಂಧ್ರದೊಳಗೇ ಓಡುವ ಬಸ್ಸಿಗೆ ಬದಲಿಸಿದ ಮೇಲೆ ನನಗೆ ಪುಕ್ಕಟೆ, ರುದ್ರಪ್ಪನವರಿಗೆ ಟಿಕೆಟ್ಟು. "ಗಂಡಸಾಗಿ ಹುಟ್ಟಿದ್ದಕ್ಕೆ ದಂಡ" ಎಂದು ಗೊಣಗಿದರು. ಕಿಟಕಿಯಿಂದ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ರಾಯದುರ್ಗದ ಕೋಟೆಬೆಟ್ಟ ಕಾಣುವ ಹೊತ್ತಿಗೆ ಸಂಜೆಯಾಯಿತು. ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದೆವು.

ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಕಣೇಕಲ್ಲಿನ ಬಸ್ಸು ಹತ್ತಿದೆವು. ಅಲ್ಲಿಂದ ಮುಂದೆ ಆಟೋ. ಕಾಲುವೆ ನೀರಿನ ಭತ್ತದ ಗದ್ದೆ ನೋಡಿ ರುದ್ರಪ್ಪನವರಿಗೆ ಹೊಟ್ಟೆಕಿಚ್ಚಾಯಿತು. ನಾವು ನೋಡಲು ಹೊರಟಿದ್ದ ಶಾಲೆಯ ಊರಿನ ಹೆಸರು ಬೇಡ. ಅಲ್ಲಿನ ಹೆಡ್ಮಾಸ್ತರು ಒಳ್ಳೆಯವರು, ನಮಗಾಗಿ ಕಾದಿದ್ದರು.

"ಬರ್ರಿ ಮೇಡಂ. ಚಪ್ಪಲಿ ಇಲ್ಲೇ ಬಿಡ್ರಿ" ಎಂದು ಬೀಗ ತೆಗೆದರು.

ಒಳಗೆ ಸಾಲಾಗಿ ಕಂಪ್ಯೂಟರುಗಳು. ಪ್ರತಿಯೊಂದಕ್ಕೂ ಅಂಚು ಹೊಲಿದ ಬಟ್ಟೆಯ ಹೊದಿಕೆ. ಹೊದಿಕೆ ಸರಿಸಿದರೆ ಪರದೆಯ ಮೇಲೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ. ರುದ್ರಪ್ಪನವರು ಕೈ ಮುಗಿದೇಬಿಟ್ಟರು. "ಇಂಗಿರ್ಬೇಕು ನೋಡಮ್ಮ ಇಟ್ಕಳಾದು ಅಂದ್ರೆ" ಎಂದು ನನ್ನ ಕಿವಿಯಲ್ಲಿ ಉಸುರಿದರು.

ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗಿಯನ್ನು ಕರೆದು, "ನಿನ್ನ ಹೆಸರು ಇದರಲ್ಲಿ ಬರಿ, ನೋಡೋಣ" ಎಂದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಮುಟ್ಟಬಾರ್ದ್ರಿ ಮೇಡಂ."

"ಕೆಟ್ರ ಮತ್ತ ಯಾರು ಕೊಡ್ತಾರ್ರಿ? ಅದಕ್ಕ ಜೋಪಾನ ಮಾಡೀನಿ" ಎಂದು ಹೆಡ್ಮಾಸ್ತರು ತಾವೇ ಗುಂಡಿ ಒತ್ತಿದರು. ಒಂದೂ ಹತ್ತಲಿಲ್ಲ. ಚಾರ್ಜಿಲ್ಲದೆ ಬಿದ್ದ ಯುಪಿಎಸ್ ಬ್ಯಾಟರಿಗಳು ಸತ್ತಿದ್ದವು. ನೇರವಾಗಿ ಕರೆಂಟಿಗೆ ಸಿಕ್ಕಿಸಿದ ಮೇಲೆ ಒಂದು ಎದ್ದಿತು, ಆದರೆ ಕೀಬೋರ್ಡು ಏಳಲಿಲ್ಲ: ಆಯುಧಪೂಜೆಯಲ್ಲಿ ಚಿಮುಕಿಸಿದ ಕುಂಕುಮನೀರು ಕೀಲಿಗಳ ಸಂದಿಯಲ್ಲಿ ಒಣಗಿ ಗಟ್ಟಿಯಾಗಿತ್ತು. ಹೆಡ್ಮಾಸ್ತರು ಒಂದೊಂದೇ ಕೀಲಿ ಒತ್ತುತ್ತ ನಿಂತರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಸಿಟ್ಟೂ ಬಂತು. ಅವರ ಮೇಲಲ್ಲ, ಮಕ್ಕಳ ಕೈಗಿಂತ ಪೆಟ್ಟಿಗೆಯನ್ನು ದೊಡ್ಡದು ಮಾಡುವ ನಮ್ಮೆಲ್ಲರ ಭಯದ ಮೇಲೆ.

ರಾಯದುರ್ಗಕ್ಕೆ ಮರಳುವ ಬಸ್ಸಿನಲ್ಲಿ ರುದ್ರಪ್ಪನವರ ತೊಡೆಯ ಮೇಲೆ ಬೀಗದ ಪೊಟ್ಟಣವಿತ್ತು.

ರಾಯದುರ್ಗದ ಅಂಗಡಿ ಜೀನ್ಸ್ ಹೊಲಿಯುವ ಕೇರಿಯ ಪಕ್ಕದಲ್ಲಿತ್ತು. ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಅಂಗಡಿಯ ಮಲ್ಲಣ್ಣ ಚಹಾ ತರಿಸಿ, ಫಳಫಳ ಹೊಳೆಯುವ ಹೊಸ ಲ್ಯಾಪ್‌ಟಾಪು ಮುಂದಿಟ್ಟ. ನಾನು ಅದನ್ನು ಪಕ್ಕಕ್ಕೆ ಸರಿಸಿ, ಗೋಡೆಯ ಬದಿಗಿದ್ದ ಕಪ್ಪು ಪೆಟ್ಟಿಗೆಗಳನ್ನು ತೋರಿಸಿದೆ. ದೊಡ್ಡ ಆಫೀಸುಗಳು ಬದಲಿಸಿದಾಗ ಬಂದ ಹಳೆಯವು. ಬಿಚ್ಚಿ, ಸರಿಮಾಡಿ, ಗ್ಯಾರಂಟಿ ಕೊಟ್ಟು ಮಾರುತ್ತಿದ್ದ. ಹೊಸ ಒಂದರ ಹಣಕ್ಕೆ ಇವು ಎರಡಕ್ಕಿಂತ ಹೆಚ್ಚು ಬರುತ್ತಿದ್ದವು. ಬಿಡಿಭಾಗಗಳೂ ಎಲ್ಲೆಡೆ ಸಿಗುತ್ತವೆ.

ರುದ್ರಪ್ಪನವರು ಎದ್ದು ನಿಂತರು. "ಆಗಾಕಿಲ್ಲ ಕಣಮ್ಮ. ಊರೋರ ಮುಂದೆ ಹಳೇವ್ನ ಇಳಿಸಿದ್ರೆ ದುಡ್ಡು ತಿಂದ ಅಂತಾರೆ. ಪೂಜೆ ಯಂಗೆ ಮಾಡಾದು?"

"ನಿಮ್ಮ ಗಿರಣಿ ಹೊಸದಾಗಿ ತಂದದ್ದೇ ರುದ್ರಪ್ಪನವರೇ?"

ಗಿರಣಿ ಶಿರಾದಿಂದ ತಂದ ಹಳೆಯ ಮಾಲೆಂದು ಊರಿಗೆಲ್ಲ ಗೊತ್ತು.

"ದಿನಾ ತಿರುಗ್ತೈತೆ, ಅದ್ಕೇ ಕೆಟ್ಟಿಲ್ಲ" ಎಂದರು. ಹೇಳಿದ ಮಾತು ತಮಗೇ ಕೇಳಿಸಿದಂತೆ ಮಲ್ಲಣ್ಣನ ಕಡೆ ತಿರುಗಿದರು. "ಎಲ್ಲಾವ್ನೂ ಒಟ್ಟಿಗೆ ಹಚ್ಚಪ್ಪ. ನಾವು ಉಂಡ್ಕಂಡು ಬತ್ತೀವಿ. ಬಂದಾಗ ಯಾವ್ದು ನಿಂತಿರ್ತೈತೆ ನೋಡಾನ."

"ಯಾಕ್ರಿ ಯಜಮಾನ್ರ, ನಂಬಿಕಿ ಇಲ್ಲೇನ್ರಿ?" ಎಂದು ನಗುತ್ತಲೇ ಮಲ್ಲಣ್ಣ ಎಲ್ಲವನ್ನೂ ಹಚ್ಚಿದ. ನಾವು ಜೋಳದ ರೊಟ್ಟಿ ಊಟ ಮಾಡಿ, ಬೇಕೆಂದೇ ಬಜಾರು ಸುತ್ತಿ ಬಂದೆವು. ಎರಡು ಕೆಟ್ಟು ನಿಂತಿದ್ದವು. ಉಳಿದವುಗಳ ಮೇಲೆ ರುದ್ರಪ್ಪನವರು ಅಂಗೈ ಇಟ್ಟು ಬಿಸಿ ನೋಡಿದರು, ಕಿವಿಗೊಟ್ಟು ಫ್ಯಾನಿನ ಸದ್ದು ಕೇಳಿದರು. ಗಿರಣಿಯ ಮೋಟರು ನೋಡುವುದೂ ಹೀಗೆಯೇ. ನಾನು ಪ್ರತಿಯೊಂದರಲ್ಲೂ ಕನ್ನಡ ಹಾಕಿಸಿ, ನಮ್ಮೂರ ಹೆಸರು ಬರೆದು ನೋಡಿದೆ. ಒತ್ತಕ್ಷರ ಸರಿಯಾಗಿ ಕೂತ ಮೇಲೆಯೇ ಬಿಟ್ಟೆ. ನಿಂತವೆರಡನ್ನೂ ಮಲ್ಲಣ್ಣ ಬದಲಿಸಿಕೊಟ್ಟ.

ಮೂರನೆಯ ದಿನ ಬೆಳಗ್ಗೆ ಬಾಡಿಗೆ ಟ್ರಾಲಿ ಗಾಡಿಯಲ್ಲಿ ಹೊರಟೆವು. ಪರದೆಗಳ ನಡುವೆ ಜೀನ್ಸಿನ ಚಿಂದಿ ತುಂಬಿಸಿದ್ದೆವು. ನನಗೆ ಡ್ರೈವರ ಪಕ್ಕದ ಸೀಟು. ರುದ್ರಪ್ಪನವರು ಎಷ್ಟು ಹೇಳಿದರೂ ಕೇಳದೆ ಹಿಂದೆ ಕೂತು, ಹಳ್ಳ ಬಂದಾಗಲೆಲ್ಲ "ನಿಧಾನ!" ಎಂದು ತಗಡು ಬಡಿದರು.

ಶಾಲೆ ಬಿಡುವ ಮೊದಲೇ ಮುಟ್ಟಿದೆವು. ಕಟ್ಟೆಯ ಮೇಲಿನಿಂದ ಯಾರೋ "ಹಳೇವೇನ್ರಲಾ?" ಎಂದರು. "ನನ್ ಗಿರಣಿನೂ ಹಳೇದೇ, ಹಿಟ್ಟು ನುಣ್ಣಗೆ ಬರಾಕಿಲ್ವಾ?" ಎಂದು ರುದ್ರಪ್ಪನವರು ಗದರಿದರು. ಮೇಜುಗಳ ಮೇಲೆ ಎಲ್ಲವನ್ನೂ ಜೋಡಿಸಿದ ಮೇಲೆ ಅವರು ವಿಭೂತಿಯನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದರು, ಪರದೆಗಲ್ಲ. ಆಮೇಲೆ ಕಾಗದ ಬಿಚ್ಚಿ ಬೀಗವನ್ನು ಬಾಗಿಲಿಗೆ ನೇತುಹಾಕಿದರು.

ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಾರೆಂದು ಕಾದು ನೋಡಿದೆ. ಅವರು ಮೊಳೆ, ಸುತ್ತಿಗೆ ಕೇಳಿದರು. ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು, ಆರನೇ ಕ್ಲಾಸಿನ ಎಲ್ಲರಿಗಿಂತ ಕುಳ್ಳಿ ಹುಡುಗಿಯನ್ನು ಕರೆದು, "ಎಟುಕ್ತದಾ ಮಗಾ?" ಎಂದರು. ಅವಳು ತುದಿಗಾಲಲ್ಲಿ ನಿಂತಳು. ಎಟುಕಲಿಲ್ಲ. ರುದ್ರಪ್ಪನವರು ಮೊಳೆ ಕಿತ್ತು, ಒಂದು ಗೇಣು ಕೆಳಗೆ ಹೊಡೆದು, ಬೀಗದ ಕೈಯನ್ನು ತೂಗುಹಾಕಿದರು.