ಅರಗು ಬಿದ್ದ ಕುಂಚಿಗೆ

ಮೊಮ್ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ತಲೆಗೆ ಹಳೆಯ ಹಸಿರು ರವಿಕೆ ಖಣದ ಕುಂಚಿಗೆ. ನಿದ್ದೆಯಲ್ಲೇ ನಗುತ್ತಾಳೆ, ಯಾರು ನಗಿಸುತ್ತಾರೋ ಏನೋ. ನಾನು ಕಲಿತದ್ದು ಎರಡನೇ ಇಯತ್ತೆ. ಆದರೂ ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ, ಬರೆದೇ ಬಿಡುತ್ತೇನೆ.

ಆಗ ಇವಳ ತಾಯಿ ನನ್ನ ಹೊಟ್ಟೆಯಲ್ಲಿದ್ದಳು. ಶಹಾಬಾದಿನ ಕಲ್ಲುಗಣಿಯ ಬದಿಗೆ ನಮ್ಮ ಮನೆ. ಸಂಜೆ ಗಂಡಸರು ಸಾಲಾಗಿ ಬರುತ್ತಿದ್ದರು. ಹುಬ್ಬಿನವರೆಗೂ ಬಿಳಿ ಹುಡಿ, ಎಲ್ಲರನ್ನೂ ಬೆಳದಿಂಗಳಲ್ಲಿ ಅದ್ದಿ ತೆಗೆದ ಹಾಗೆ. ಅವರೊಳಗೆ ನನ್ನ ಗಂಡ ಯಾರೆಂದು ನನಗೇ ತಿಳಿಯುತ್ತಿರಲಿಲ್ಲ. ಅವರ ಕೆಮ್ಮು ಕೇಳಿದ ಮೇಲೆ ಚಹಾ ಇಡುತ್ತಿದ್ದೆ.

ನನ್ನ ಐದನೇ ತಿಂಗಳ ಕುಬಸದ ಶಾಸ್ತ್ರವಾಗಿ ವಾರವಾಗಿತ್ತು. ವಾಡಿ ರಸ್ತೆಯಲ್ಲಿ ಯಾರೋ ಬಟ್ಟೆ ವ್ಯಾಪಾರಿಯೊಬ್ಬನನ್ನು ಹೊಡೆದು ಗಂಟು ಕಸಿದರು. ಗಣಿಯವರದೇ ಕೆಲಸವೆಂದು ಪೊಲೀಸರು ನಮ್ಮ ಮನೆಗೆ ನುಗ್ಗಿ, ಪೆಟ್ಟಿಗೆ ಬೋರಲು ಹಾಕಿ, ತವರಿನವರು ಕುಬಸಕ್ಕೆ ಕೊಟ್ಟಿದ್ದ ಖಣಗಳನ್ನು ಕಳವಿನ ಮಾಲೆಂದು ಎತ್ತಿಕೊಂಡರು. ಜೊತೆಗೆ ಸಾಕ್ಷಿಗೆಂದು ಪಂಚರಿಲ್ಲ, ನೆರೆಯವರನ್ನೂ ಒಳಗೆ ಬಿಡಲಿಲ್ಲ. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತರು.

“ಬಸುರಿ ಹೆಣ್ಣಿನ ಖಣ ಒಯ್ದು ಯಾರ ಉಡಿ ತುಂಬತೀಯೋ ಜಮಾದಾರ?”

ಠಾಣೆಯಲ್ಲಿ ನನ್ನ ಗಂಡನೊಬ್ಬನನ್ನೇ ನಿಲ್ಲಿಸಿ ವ್ಯಾಪಾರಿಗೆ ತೋರಿಸಿದರು. ಅವನು ಹೂಂ ಎಂದ. ಕೇಸು ಮುಗಿಯುವ ತನಕ ಜೈಲಾಯಿತು. ಕೂಸು ಹುಟ್ಟುವಾಗ ಅಪ್ಪ ಮನೆಯಲ್ಲಿರುತ್ತಾನೋ ಇಲ್ಲವೋ, ನನಗೆ ಅದೊಂದೇ ಚಿಂತೆ.

ದಿನ ತುಂಬುತ್ತ ಬಂದಾಗ ಚಿತ್ತಾಪುರದ ಕೋರ್ಟಿನಲ್ಲಿ ವಿಚಾರಣೆ. ಪಾಳಿ ಮುಗಿಸಿದ ಗಣಿಯವರು ಮೈ ತೊಳೆಯದೆ ರೈಲು ಹತ್ತಿ ಬಂದು ಹಿಂದೆ ನಿಂತಿದ್ದರು. ಕಿಟಕಿಯ ಬಿಸಿಲಿನಲ್ಲಿ ಅವರ ಮೈಯ ಹುಡಿ ಮೆಲ್ಲಗೆ ತೇಲುತ್ತಿತ್ತು.

ನಮ್ಮ ವಕೀಲರು ವ್ಯಾಪಾರಿಯನ್ನು ಕೇಳಿದರು, “ಹ್ಯಾಂಗ ಗುರುತ ಹಿಡಿದ್ರಿ?”

“ಹೊತ್ತು ಮುಳುಗಿತ್ರಿ. ಮಾರಿಗೆಲ್ಲ ಬಿಳಿ ಹುಡಿ ಮೆತ್ತಿತ್ತು.”

“ಹಿಂದ ಹೊಳ್ಳಿ ನೋಡ್ರಿ. ಅವರೊಳಗ ನಿಮ್ಮನ್ನ ಹೊಡದಾಂವ ಯಾರು?”

ವ್ಯಾಪಾರಿ ಕಣ್ಣು ಕಿರಿದು ಮಾಡಿದ. “ಎಲ್ಲಾರೂ ಅವನಂಗೇ ಕಾಣಾಕತ್ತಾರಲ್ರಿ!”

ಕೋರ್ಟೆಲ್ಲ ನಕ್ಕಿತು. ಆಮೇಲೆ ಪಂಚನಾಮೆಗೆ ಸಹಿ ಹಾಕಿದವನು ಬಂದ.

“ಇವರ ಮನಿ ಎಲ್ಲದ?”

“ನಾ ನೋಡೇ ಇಲ್ರಿ ಸಾಹೇಬ್ರ. ಹೋಟೆಲಿನಾಗ ಚಾ ಕುಡ್ಯಾಕತ್ತಿದ್ದೆ, ಅಲ್ಲೇ ಸಹಿ ಮಾಡು ಅಂದ್ರು.”

ಇಂಥ ಗುರುತನ್ನೂ ನಂಬಲಾಗದು, ಪಂಚರು ಕಾಣದೆ ಮನೆ ಹುಡುಕಿದ ಝಡತಿಯನ್ನೂ ನಂಬಲಾಗದು ಎಂದು ಜಡ್ಜ್ ಸಾಹೇಬರು ನನ್ನ ಗಂಡನನ್ನು ಬಿಟ್ಟರು.

ಹೊರಗೆ ಬೇವಿನ ನೆರಳಿನಲ್ಲಿ ಅವರು ಎದುರಿಗೆ ನಿಂತರು. ಜೈಲಿನಲ್ಲಿ ಹುಡಿಯೆಲ್ಲ ತೊಳೆದುಹೋಗಿತ್ತು. ಮದುವೆಯ ದಿನ ಕಂಡ ಮುಖ! ನನಗೆ ನಾಚಿಕೆಯೇ ಬಂತು.

“ಯಾಕ, ಗುರುತ ಸಿಗಲಿಲ್ಲೇನು?”

“ಒಮ್ಮಿ ಕೆಮ್ಮರಿ, ನೋಡ್ತೀನಿ,” ಅಂದೆ.

ಖಣಗಳೂ ಮರಳಿ ಬಂದವು, ಒಂದರ ಮೇಲೆ ಕೋರ್ಟಿನ ಮುದ್ರೆಯ ಕೆಂಪು ಅರಗು ಬಿದ್ದಿತ್ತು. ಅದನ್ನೇ ಕುಂಚಿಗೆ ಹೊಲಿದೆ. ಮಗಳು ತೊಟ್ಟಳು, ಈಗ ಮಗಳ ಮಗಳು. ಎಷ್ಟು ತೊಳೆದರೂ ಕಲೆ ಹೋಗಿಲ್ಲ. ಇವಳ ಕಿವಿಯ ಮೇಲೆ ಕುಂಕುಮದಂತೆ ಕೂತಿದೆ.

ಅಂಗಳದಲ್ಲಿ ಕೆಮ್ಮು ಕೇಳಿತು. ನಾನು ಎದ್ದರೆ ಇವಳು ಎಚ್ಚರಾಗುತ್ತಾಳೆ. ಇವತ್ತು ಚಹಾ ಅವರೇ ಇಟ್ಟುಕೊಳ್ಳಲಿ.