ಒಣ ಬಾಯಿ, ಸೂಜಿ ಮತ್ತು ನನ್ನ ಹುದ್ದೆ

ನಮ್ಮ ಮನೆಯಲ್ಲಿ ನನ್ನನ್ನು ನಂಬಿ ಒಪ್ಪಿಸಿರುವ ಕೆಲಸ ಒಂದೇ: ಸೂಜಿಗೆ ದಾರ ಪೋಣಿಸುವುದು. ಹೆಂಡತಿ ಗಂಗವ್ವ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಾಳೆ. ಬೆಳಿಗ್ಗೆ ನಾನು ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟರೆ ಆ ದಿನದ ರೊಟ್ಟಿ ನನಗೆ ಹಕ್ಕಿನಿಂದ ಸಿಗುತ್ತದೆ. ಯಲಬುರ್ಗಾದ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದರೂ ಇಷ್ಟು ಗೌರವ ಕಂಡಿರಲಿಲ್ಲ.

ಈ ವಿದ್ಯೆಯ ಗುಟ್ಟು ಕಣ್ಣಿನಲ್ಲಿಲ್ಲ, ಬಾಯಲ್ಲಿದೆ. ದಾರದ ತುದಿಯನ್ನು ಎಂಜಲು ಹಚ್ಚಿ ಚೂಪು ಮಾಡಬೇಕು. ನೀರು ನಡೆಯುವುದಿಲ್ಲ; ನೀರಿಗೆ ದಾರ ಜೋತುಬೀಳುತ್ತದೆ. ಇಟಗಿಯ ಗುಡಿಗೆ ಹೋದಾಗ ಎಲ್ಲರೂ ಅಷ್ಟು ಸಣ್ಣ ಕೆತ್ತನೆ ಮಾಡಿದ ಶಿಲ್ಪಿಗಳನ್ನು ಹೊಗಳುತ್ತಾರೆ. ಅವರ ಉಳಿಗಳನ್ನು ದಿನಾ ಬೆಳಿಗ್ಗೆ ಮಸೆದುಕೊಟ್ಟವನೊಬ್ಬ ಇದ್ದಿರಬೇಕಲ್ಲ? ನಾನು ಅವನ ವಂಶದವನು.

ಹೀಗಿರುವಾಗ ಕೊಪ್ಪಳದ ಡಾಕ್ಟರು ನನಗೆ ಕೊಲೆಸ್ಟರಾಲ್ ಏರಿದೆಯೆಂದು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಬಾಯಿ ಒಣಗತೊಡಗಿತು. ದಾರದ ತುದಿ ಪೊರಕೆಯಂತೆ ಬಿಚ್ಚಿಕೊಂಡು ಸೂಜಿಯ ಕಣ್ಣಿನ ಸುತ್ತಲೇ ತಿರುಗಾಡಿತು. ಬಾಣಂತನಕ್ಕೆ ಬಂದ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರವಾಗಿತ್ತು; ಕೂಸಿನ ಕೌದಿ ಅರ್ಧಕ್ಕೆ ನಿಂತಿತ್ತು. ಕೈಜೋಡಿಸಲು ಗಂಗಾವತಿಯಿಂದ ಬಂದ ಗಂಗವ್ವನ ತಂಗಿ ಶಾಂತವ್ವ ತನ್ನ ಚೀಲದಿಂದ ಒಂದು ತಗಡಿನ ಬಿಲ್ಲೆ ತೆಗೆದಳು. ಅದರ ತುದಿಗೆ ತಂತಿಯ ಕುಣಿಕೆ. ಕುಣಿಕೆಯನ್ನು ಸೂಜಿಯ ಕಣ್ಣಲ್ಲಿ ತೂರಿಸಿ, ದಾರ ಸಿಕ್ಕಿಸಿ, ಎಳೆದರೆ ಮುಗಿಯಿತು. ಅದಕ್ಕೆ ಎಂಜಲೂ ಬೇಡ, ಗಂಡಸೂ ಬೇಡ.

“ಮಾಮಾ, ನೀವಿನ್ನ ಆರಾಮ ಕುಂದರ್ರಿ,” ಎಂದಳು.

ನನಗೆ ನಿಜವಾಗಿಯೂ ಅಳು ಬಂತು. ಕಚೇರಿಯಿಂದ ನಿವೃತ್ತನಾದ ದಿನವೂ ಬಂದಿರಲಿಲ್ಲ.

ಗುಳಿಗೆಯನ್ನೇ ಬಿಡುತ್ತೇನೆಂದು ಡಾಕ್ಟರಿಗೆ ಹೇಳಿದೆ. “ನೀವಾಗೇ ಬಿಡಬ್ಯಾಡ್ರಿ,” ಎಂದು ಗದರಿದರು. “ಗುಳಿಗಿಯಿಂದನೂ ಆಗಿರಬಹುದು, ಬ್ಯಾರೇದರಿಂದನೂ ಆಗಿರಬಹುದು. ಸಕ್ಕರಿ ತಪಾಸಣಿ ಮಾಡೋಣು. ಅಲ್ಲೀತನಕ ಗುಟುಕು ಗುಟುಕು ನೀರು ಕುಡೀರಿ.” ತಪಾಸಣೆಯಲ್ಲಿ ಸಕ್ಕರೆ ಇರಲಿಲ್ಲ. ಬಾಯಲ್ಲಿ ಎಂಜಲೂ ಇರಲಿಲ್ಲ.

ತೊಟ್ಟಿಲಿನ ಹಿಂದಿನ ದಿನ ಮಧ್ಯಾಹ್ನ ಕೌದಿಯ ಕೊನೆಯ ಮೂಲೆಯೊಂದು ಉಳಿದಿತ್ತು. ದಪ್ಪ ದಾರ ಎಳೆದ ರಭಸಕ್ಕೆ ಶಾಂತವ್ವನ ತಂತಿ ಪಟ್ಟನೆ ಹರಿಯಿತು. ಹೊಲಿಯಲು ಸುತ್ತ ಕುಳಿತ ಓಣಿಯ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಗತ್ತಿನಿಂದ ದಾರ ಹಿಡಿದು ತುಟಿಗಿಟ್ಟೆ. ಒಂದು ಹನಿಯಿಲ್ಲ.

ಗಂಗವ್ವ ಎದ್ದು ಅಡುಗೆಮನೆಯಿಂದ ಹುಣಸೆಕಾಯಿ ತೊಕ್ಕಿನ ಭರಣಿ ತಂದಳು. ನನ್ನ ಮೂಗಿನ ಕೆಳಗೇ ಮುಚ್ಚಳ ತೆಗೆದಳು.

“ಬೆರಳ ತುದಿಯಷ್ಟ ನೆಕ್ಕ್ರಿ. ಇದನ್ನ ಕಂಡ್ರ ನೀವು ಹೆಂಗ ಬಾಯಾಗ ನೀರು ಬಿಡ್ತೀರಿ ಅನ್ನೂದು ನನಗ ಗೊತ್ತಿಲ್ಲೇನು?”

ನೆಕ್ಕುವ ಮೊದಲೇ, ಆ ಹುಳಿ ಖಾರದ ವಾಸನೆಗೇ, ದವಡೆಯ ಮೂಲೆಗಳು ಜುಮ್ಮೆಂದವು. ಕಾಲುವೆಗೆ ನೀರು ಬಿಟ್ಟಂತಾಯಿತು. ದಾರದ ತುದಿ ಚೂಪಾಯಿತು. ಕನ್ನಡಕವಿಲ್ಲದೆ, ಒಂದೇ ಏಟಿಗೆ, ಸೂಜಿಯ ಕಣ್ಣಲ್ಲಿ ಹಾದುಹೋಯಿತು. “ಗೆದ್ರಿ ಬಿಡ್ರಿ ಮಾಮಾ!” ಎಂದು ಶಾಂತವ್ವನೇ ಚಪ್ಪಾಳೆ ತಟ್ಟಿದಳು. ಬೇಕಾಗದಿದ್ದರೂ ಇನ್ನೂ ಒಂಬತ್ತು ಸೂಜಿಗೆ ಪೋಣಿಸಿದೆ. ಗುಳಿಗೆಯನ್ನು ಈಗಲೂ ತಪ್ಪದೆ ನುಂಗುತ್ತೇನೆ. ಭರಣಿಯನ್ನು ಮಾತ್ರ ಸೂಜಿದಿಂಬಿನ ಪಕ್ಕಕ್ಕೆ ವರ್ಗ ಮಾಡಿಸಿಕೊಂಡಿದ್ದೇನೆ.

ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದೆಂದು ನಮ್ಮ ಮನೆಯಲ್ಲಿ ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರಿಟ್ಟು ಹೊಲಿಗೆ ಮುಚ್ಚುತ್ತಾರೆ. ಯಾವಾಗಲೂ ಗಂಗವ್ವನೇ ಇಡುವುದು. ಅಂದು ಆ ಚೂರನ್ನು ನನ್ನ ಕೈಗೆ ಕೊಟ್ಟಳು. ಇಡುವ ಮುಂಚೆ, ಯಾರಿಗೂ ಕಾಣದಂತೆ, ನಾನು ಅದಕ್ಕೆ ಚೂರೇ ಚೂರು ತೊಕ್ಕು ಸವರಿದೆ. ಒಣ ರೊಟ್ಟಿ ನುಂಗುವ ಕಷ್ಟ ನನಗೆ ಗೊತ್ತು.