ನೀರು ಕೊಡದ ಸಿಸ್ಟರ್

ಬೆಳಗಿನ ಐದೂಕಾಲು. ಸೌದಿ ಅರೇಬಿಯಾದ ಅಭಾ ಪಟ್ಟಣದಿಂದ ನಲವತ್ತು ಕಿಲೋಮೀಟರ್ ಆಚೆಯ ಬೆಟ್ಟದ ಹೆಗಲ ಮೇಲೆ ಮಂಜು ಇನ್ನೂ ಕದಲಿಲ್ಲ. ಸ್ವರ್ಣಲತಾ ತೂಕದ ಯಂತ್ರದ ಅಡಿಗೆ ಹಲಗೆ ಇಡುತ್ತಾರೆ, ಪಾದದಿಂದ ಒತ್ತಿ ನೋಡುತ್ತಾರೆ, ಸಮಾಧಾನವಾಗದೆ ಜಾಗ ಬದಲಿಸುತ್ತಾರೆ. ಕೊನೆಗೆ ತಾವೇ ಹತ್ತಿ ನಿಲ್ಲುತ್ತಾರೆ. ಐವತ್ತೆಂಟು ಕಿಲೋ ಇನ್ನೂರು ಗ್ರಾಂ. ಇದೇ ಬಟ್ಟೆ, ಇದೇ ಶೂಸಿನಲ್ಲಿ ಮನೆಯಲ್ಲಿ ನೋಡಿಕೊಂಡು ಬಂದ ಅಂಕಿಯೂ ಅದೇ. ಆದರೂ ಇಳಿದು ಇನ್ನೊಮ್ಮೆ ಹತ್ತುತ್ತಾರೆ.

"ಮಿಷನನ್ನು ಸಹ ನಂಬ್ಲಿಕ್ಕಿಲ್ಲ," ಎನ್ನುತ್ತಾರೆ. "ನೆಲ ಸ್ವಲ್ಪ ಓರೆ ಇದ್ರೆ ಸಾಕು, ಅದು ಸುಳ್ಳು ಹೇಳ್ತದೆ."

ಡೇರೆಯ ಹಿಂದಿನ ಜೂನಿಪರ್ ಮರಗಳ ನಡುವೆ ಬಬೂನ್ ಕೋತಿಗಳ ಹಿಂಡು ಬಂದು ಕೂತಿದೆ. ಬಾಳೆಹಣ್ಣಿನ ಪೆಟ್ಟಿಗೆಗೆ ಎರಡು ಸುತ್ತು ಹಗ್ಗ ಬಿಗಿದು, ಗಂಟನ್ನು ಜಗ್ಗಿ ನೋಡಿ, ಅವರು ಕುರ್ಚಿಯನ್ನು ಕಾಡಿನ ಕಡೆಗೆ ಮುಖ ಮಾಡಿ ಇಡುತ್ತಾರೆ.

ಬೆಟ್ಟದ ಓಟದ ಸ್ಪರ್ಧೆಗೆ ಕೆಳಗಿನ ಕಣಿವೆಯಿಂದ ಇನ್ನೂರ ಹತ್ತು ಮಂದಿ ಈಗಷ್ಟೇ ಹೊರಟಿದ್ದಾರೆ. ಮೂವತ್ತು ಕಿಲೋಮೀಟರ್ ದಾರಿ. ಎರಡು ಕಡೆ ಹಗ್ಗ ಹಿಡಿದು ಬಂಡೆ ಏರಬೇಕು. ಇಪ್ಪತ್ತೆರಡನೇ ಕಿಲೋಮೀಟರಿನಲ್ಲಿ ಈ ಡೇರೆ. ಹೊರಡುವಾಗ ಬರೆದುಕೊಂಡ ತೂಕದ ಪಟ್ಟಿ ಸ್ವರ್ಣಲತಾ ಅವರ ಮೊಬೈಲಿಗೆ ಬರುತ್ತದೆ. ಹತ್ತಿ ಬಂದವರನ್ನು ಮತ್ತೆ ತೂಗಿ, ಮಾತಾಡಿಸಿ, ಮುಂದಕ್ಕೆ ಬಿಡಬೇಕೋ ಇಲ್ಲಿಯೇ ಕೂರಿಸಬೇಕೋ ಎಂದು ತೀರ್ಮಾನಿಸುವುದು ಅವರ ಕೆಲಸ. ಗೆದ್ದವರ ಫೋಟೊ ತೆಗೆಯುವ ಕ್ಯಾಮೆರಾಗಳು ಇಲ್ಲಿಗೆ ಬರುವುದಿಲ್ಲ.

ಪತ್ರಿಕೆಗೆ ಬರೆಯುತ್ತೇವೆ ಎಂದಾಗ ಅವರು ಕೇಳಿದ ಮೊದಲ ಪ್ರಶ್ನೆ, "ನನ್ನ ಬಗ್ಗೆ ಎಂತ ಬರೀಲಿಕ್ಕುಂಟು? ಆ ವಿಡಿಯೊದ ವಿಷಯಕ್ಕೆ ಬಂದದ್ದಾ?"

ಉಡುಪಿ ಬಳಿಯ ಕಟಪಾಡಿಯವರು ಸ್ವರ್ಣಲತಾ. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಇಪ್ಪತ್ತೇಳರ ವಯಸ್ಸಿನಲ್ಲಿ ಅಭಾದ ಆಸ್ಪತ್ರೆಯೊಂದಕ್ಕೆ ಬಂದರು. ಈಗ ನಲವತ್ತಾರು. ವಾರವಿಡೀ ತುರ್ತು ಚಿಕಿತ್ಸಾ ವಿಭಾಗ. ಚಳಿಗಾಲದ ಆರು ಶುಕ್ರವಾರಗಳಲ್ಲಿ, ಆಸ್ಪತ್ರೆಯ ಅನುಮತಿ ಪತ್ರ ಹಿಡಿದು, ಈ ಬೆಟ್ಟ. ಹಿಂದಿನ ದಿನದ ಪಾಳಿ ಮುಗಿಸಿ ಬಂದ ಕಾಲುಗಳು ಮಧ್ಯಾಹ್ನದ ಹೊತ್ತಿಗೆ ಊದಿಕೊಳ್ಳುತ್ತವೆ. ಕೂರಲು ಕುರ್ಚಿಯಿದೆ, ಪುರುಸೊತ್ತು ಇಲ್ಲ.

ಯಾರನ್ನೂ ಅವರು "ಹೇಗಿದ್ದೀರಿ?" ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ಸಿಗುವುದು ಒಂದೇ ಉತ್ತರ ಎಂಬುದು ಅವರಿಗೆ ಗೊತ್ತು. ಶೂ ಲೇಸು ಬಿಚ್ಚಿ ಕಟ್ಟಲು ಹೇಳುತ್ತಾರೆ. ಹಿಂದಿನ ಡೇರೆಯಲ್ಲಿ ಏನು ತಿಂದಿರಿ ಎಂದು ಕೇಳಿ, ಎರಡು ನಿಮಿಷ ಬಿಟ್ಟು ಅದನ್ನೇ ಮತ್ತೆ ಕೇಳುತ್ತಾರೆ. ಉತ್ತರ ಬದಲಾದರೆ, ಡೇರೆಯ ಉಸ್ತುವಾರಿಯನ್ನು ಕರೆಯುವ ಸೀಟಿ ಕಿಸೆಯಿಂದ ಹೊರಬರುತ್ತದೆ. ಹೆಚ್ಚು ನಗುವವರನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುತ್ತಾರೆ.

ಈ ಅನುಮಾನ ಅವರಿಗೆ ಆಸ್ಪತ್ರೆಯಲ್ಲಿ ಬಂದದ್ದಲ್ಲ. ಎಂಟು ವರ್ಷದ ಹಿಂದೆ ಸಹೋದ್ಯೋಗಿಗಳ ಜೊತೆ ಇದೇ ಬೆಟ್ಟ ಹತ್ತಿದ್ದರು. "ಸುಸ್ತಾಯ್ತಾ ಅಂತ ನಾಲ್ಕು ಸಲ ಕೇಳಿದ್ರು. ನಾಲ್ಕು ಸಲವೂ ಇಲ್ಲ ಅಂದೆ. ಕಣ್ಣಿಗೆ ದಾರಿ ಎರಡೆರಡು ಕಾಣ್ತಿತ್ತು. ಇಳಿಯುವಾಗ ಬಿದ್ದು ಮಣಿಕಟ್ಟು ಮುರೀತು. ನರ್ಸ್ ಆಗಿ ನಾನೇ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ಮೇಲೆ ಬೇರೆಯವರನ್ನು ಹೇಗೆ ನಂಬುದು?"

ಕಳೆದ ಸೀಸನ್ನಿನಲ್ಲಿ ಅವರು ತೂಗಿ ನೋಡಿದ್ದು ಸಾವಿರದ ನೂರಕ್ಕೂ ಹೆಚ್ಚು ಜನರನ್ನು. ತಡೆದು ಕೂರಿಸಿದ್ದು ನಲವತ್ತಮೂವರನ್ನು. ಅವರಲ್ಲಿ ಒಬ್ಬ ಶಹೀರ್.

ಉಪ್ಪಿನಂಗಡಿಯ ಶಹೀರ್ ಅಲ್ ಖೋಬರ್ ನಗರದ ಥುಕ್ಬಾ ಬಡಾವಣೆಯಲ್ಲಿ ಎ.ಸಿ. ರಿಪೇರಿ ಕೆಲಸದವನು. ಗೆಳೆಯ ಸವಾದ್ ಜೊತೆ ವಿಮಾನ ಹಿಡಿದು ಬಂದಿದ್ದ; ಇಬ್ಬರಿಗೂ ಅದು ಮೊದಲ ಬೆಟ್ಟ. ಫೆಬ್ರುವರಿಯ ಆ ಶುಕ್ರವಾರ ಹನ್ನೊಂದೂವರೆಗೆ ಅವರಿಬ್ಬರೂ ಡೇರೆಗೆ ಬಂದರು. ಹೊರಟು ಆರು ಗಂಟೆ ಮೀರಿತ್ತು. ಶಹೀರ್ ನಗುತ್ತಿದ್ದ. ಹೊರಡುವಾಗ ಅವನ ತೂಕ ಎಂಬತ್ತೊಂದು ಕಿಲೋ ನಾನೂರು ಗ್ರಾಂ. ಡೇರೆಯ ಯಂತ್ರ ತೋರಿಸಿದ್ದು ಎಂಬತ್ತಮೂರೂವರೆ.

ಆರು ತಾಸು ಬೆವರು ಸುರಿಸಿ ಬೆಟ್ಟ ಹತ್ತಿದವನ ತೂಕ ಇಳಿಯಬೇಕು, ಏರುವುದು ಹೇಗೆ? ಸ್ವರ್ಣಲತಾ ಮೊದಲು ಅನುಮಾನಿಸಿದ್ದು ಯಂತ್ರವನ್ನು. ತಾವೇ ಹತ್ತಿ ನೋಡಿದರು, ಸರಿಯಾಗಿತ್ತು. ಚೀಲ ಇಳಿಸಿದ್ದಾನಾ, ಕಿಸೆಯಲ್ಲಿ ಕಲ್ಲೇನಾದರೂ ಇದೆಯಾ ಎಂದೂ ನೋಡಿದರು. ಆಮೇಲೆ ಅವನ ಕೈ ಹಿಡಿದರು. ವಾಚಿನ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಉಂಗುರ ತಿರುಗಲಿಲ್ಲ.

"ನೀರು ಎಷ್ಟು ಕುಡಿದಿರಿ?"

"ಎಲ್ಲ ಕಡೆ ಕುಡಿದೆ ಸಿಸ್ಟರ್. ಕುಡೀಬೇಕು ಅಂತ ಯೂಟ್ಯೂಬಲ್ಲಿ ಹೇಳಿದ್ದಾರೆ. ಇನ್ನೊಂದು ಬಾಟ್ಲಿ ಕೊಡಿ, ತಲೆ ಸಿಡೀತಾ ಉಂಟು."

"ಬೆಳಿಗ್ಗೆ ಎಂತ ತಿಂದದ್ದು?"

"ಪುಂಡಿ," ಎಂದು ಊರಿನ ಅಕ್ಕಿ ಕಡುಬಿನ ಹೆಸರು ಹೇಳಿದ ಶಹೀರ್. ಸವಾದ್ ಅವನ ಮುಖ ನೋಡಿದ. ಇಬ್ಬರೂ ತಿಂದದ್ದು ಬ್ರೆಡ್ಡು, ಮೊಟ್ಟೆ.

ಶಹೀರ್ ಮೇಜಿನ ಮೇಲಿದ್ದ ಬಾಟಲಿಗೆ ಕೈ ಚಾಚಿದ. ಸ್ವರ್ಣಲತಾ ಅದನ್ನು ಕಿತ್ತುಕೊಂಡು ಬೆನ್ನ ಹಿಂದೆ ಇಟ್ಟರು. ಅವನು ಇನ್ನೊಂದು ಹಿಡಿದ. ಅದನ್ನೂ ಕಿತ್ತುಕೊಂಡು ನೆಲಕ್ಕೆ ಸುರಿದರು.

"ಎಂತ ಸಿಸ್ಟರ್ ನೀವು? ಬಾಯಾರಿದವನಿಗೆ ನೀರು ಕೊಡುದಿಲ್ವಾ? ನಾವು ಬ್ಯಾರಿಗಳು ಅಂತಾ?" ಸವಾದ್ ಮೊಬೈಲ್ ತೆಗೆದು ಚಿತ್ರೀಕರಿಸತೊಡಗಿದ. ಮುಸ್ಲಿಮರೆಂದು ನೀರು ಕೊಡಲಿಲ್ಲ ಎಂಬ ಆ ಮಾತು ಈಗಲೂ ಚುಚ್ಚುತ್ತದೆ ಎನ್ನುತ್ತಾರೆ ಸ್ವರ್ಣಲತಾ. ಆದರೆ ಆಗ ಉತ್ತರಿಸಲು ಹೋಗಲಿಲ್ಲ. "ನೀನು ಎಷ್ಟು ಬೇಕಾದ್ರೂ ವಿಡಿಯೊ ಮಾಡು ಮಾರಾಯ. ಅವನಿಗೆ ಒಂದು ತೊಟ್ಟು ನೀರು ಕೊಟ್ರೆ ಮಾತ್ರ ನಾನು ಸುಮ್ನಿರುದಿಲ್ಲ," ಎಂದು ಸೀಟಿ ಊದಿದರು.

ಡೇರೆಯ ಉಸ್ತುವಾರಿ ಖಾಲಿದ್ ಓಡಿ ಬಂದ. ಅವನಿಗೂ ನಂಬಿಕೆ ಬರಲಿಲ್ಲ. "ಸಿಸ್ಟರ್, ಮನುಷ್ಯ ನಿಂತಿದ್ದಾನೆ, ಮಾತಾಡುತ್ತಿದ್ದಾನೆ. ಆಂಬ್ಯುಲೆನ್ಸ್ ಇರುವುದು ಒಂದೇ. ಕೆಳಗೆ ಯಾರಾದರೂ ಬಿದ್ದರೆ ಏನು ಮಾಡಲಿ?" ಎಂದು ಅರಬಿಯಲ್ಲಿ ಕೇಳಿದ.

"ಕೆಳಗೆ ಬಿದ್ದರೆ ಅಂತ ನೀನು ಹೇಳುತ್ತಿದ್ದೀಯ. ಇಲ್ಲಿ ಬೀಳುತ್ತಾನೆ ಅಂತ ನಾನು ಹೇಳುತ್ತಿದ್ದೇನೆ," ಎಂದರು ಸ್ವರ್ಣಲತಾ. "ನನ್ನ ಹೆಸರು ಬರೆದುಕೋ. ತಪ್ಪಾದರೆ ನನ್ನ ಮೇಲೆ ಹಾಕು."

ಖಾಲಿದ್ ಹೆಸರು ಬರೆದುಕೊಂಡ. ಆಮೇಲೆ ವೈರ್‌ಲೆಸ್ ಎತ್ತಿದ.

ಅತಿಯಾಗಿ ನೀರು ಕುಡಿದಾಗ ರಕ್ತದಲ್ಲಿನ ಉಪ್ಪಿನಂಶ ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. ನೋಡುವವರಿಗೆ ಅದು ಬರೀ ಸುಸ್ತಿನಂತೆ, ಬಾಯಾರಿಕೆಯಂತೆ ಕಾಣುತ್ತದೆ. ದಯೆಯಿಂದ ಕೊಟ್ಟ ಇನ್ನೊಂದು ಬಾಟಲಿ ಜೀವ ತೆಗೆಯಬಹುದು. ಇದನ್ನು ವಿವರಿಸಲು ಅಂದು ಸಮಯವಿರಲಿಲ್ಲ. ಆಂಬ್ಯುಲೆನ್ಸ್ ಬರಲು ಮೂವತ್ತೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವರಿಗೆ ತಮ್ಮ ಮೇಲೆಯೇ ಅನುಮಾನ. "ನಿಜವಾಗಿ ಒಣಗಿದವನಿಗೇ ನೀರು ತಪ್ಪಿಸಿದೆನಾ ಅಂತ. ಅವನ ಬೆರಳು ಮುಟ್ಟುದು, ತೂಕದ ಪಟ್ಟಿ ನೋಡುದು, ಮತ್ತೆ ಬೆರಳು ಮುಟ್ಟುದು. ಅಷ್ಟೇ ಮಾಡ್ತಿದ್ದೆ."

ಸ್ಟ್ರೆಚರ್ ಮೇಲೆ ಮಲಗಿಸುವಾಗ ಶಹೀರ್ ಸವಾದನನ್ನು ನೋಡಿ, "ಇವರು ಯಾರು?" ಎಂದ. ಸವಾದ್ ಮೊಬೈಲ್ ಕಿಸೆಗೆ ಹಾಕಿ ಸ್ಟ್ರೆಚರಿನ ಒಂದು ತುದಿ ಹಿಡಿದ. ಗಾಡಿ ಅರ್ಧ ದಾರಿ ಇಳಿಯುವಷ್ಟರಲ್ಲಿ ಶಹೀರನಿಗೆ ಫಿಟ್ಸ್ ಬಂತು. ರಕ್ತ ಪರೀಕ್ಷೆಯಲ್ಲಿ ನೂರ ಮೂವತ್ತೈದಾದರೂ ಇರಬೇಕಿದ್ದ ಸೋಡಿಯಂ ನೂರ ಹತ್ತೊಂಬತ್ತಕ್ಕೆ ಇಳಿದಿತ್ತು. ಎರಡು ದಿನ ಐಸಿಯು, ಆಮೇಲೆ ನಾಲ್ಕು ದಿನ ವಾರ್ಡು. ಬದುಕಿದ.

ಆದರೆ ವಿಡಿಯೊ ಅಷ್ಟರಲ್ಲಿ ಹೊರಟುಹೋಗಿತ್ತು. ಆಂಬ್ಯುಲೆನ್ಸಿಗೆ ಕಾಯುವಾಗಲೇ ಸವಾದ್ ಅದನ್ನು ಊರಿನ ಗುಂಪಿಗೆ ಕಳಿಸಿದ್ದ. ರಿಯಾದಿನ ಮಲಾಜಿನಿಂದ ಮಂಗಳೂರಿನವರೆಗೆ ಜನ ನೋಡಿದರು. ಸ್ಪರ್ಧೆಯ ಆಯೋಜಕರು ಲಿಖಿತ ವಿವರಣೆ ಕೇಳಿದರು. ಆಸ್ಪತ್ರೆಯ ಮೇಲಧಿಕಾರಿ ಕರೆಸಿ, ವಾಸದ ಪರವಾನಗಿಯಾದ ಇಕಾಮಾದ ನವೀಕರಣ ಯಾವಾಗ ಎಂದು ವಿಚಾರಿಸಿದರು. ಯಾಕೆ ಕೇಳಿದ್ದೆಂದು ಹೇಳಲಿಲ್ಲ. ಮೂರು ವಾರ ಸ್ವರ್ಣಲತಾ ಪ್ರತಿ ಫೋನ್ ಕರೆಗೂ ಬೆಚ್ಚಿದರು. ಸವಾದ್ ಡಾಕ್ಟರ ವರದಿಯ ಜೊತೆ ತಪ್ಪೊಪ್ಪಿಗೆ ಬರೆದು ಅದೇ ಗುಂಪಿಗೆ ಹಾಕಿದ. ಅದನ್ನು ಹಂಚಿದವರು ಕಡಿಮೆ.

ಒಂದು ಸಂಜೆ ಊರಿನ ನಂಬರಿನಿಂದ ಕರೆ ಬಂತು. ಶಹೀರನ ತಾಯಿ ಬೀಫಾತುಮ್ಮ. "ನನ್ನ ಮಗನಿಗೆ ನೀರು ಕೊಡದ್ದು ನೀವಾ?"

ಬೈಗುಳಕ್ಕೆ ಸಿದ್ಧವಾಗಿಯೇ ಸ್ವರ್ಣಲತಾ ಹೌದು ಎಂದರು.

"ನಾನಾಗಿದ್ರೆ ಕೊಟ್ಟುಬಿಡ್ತಿದ್ದೆ ಮಗಳೇ," ಎಂದು ಆ ತಾಯಿ ಅತ್ತರು.

ಆಯೋಜಕರಿಂದ ವಿಷಾದದ ಮಾತು ಬರಲಿಲ್ಲ. ಈ ಸೀಸನ್ನಿನ ತಾರೀಕುಗಳ ಪಟ್ಟಿ ಬಂತು, ಕೆಳಗೆ ಅವರ ಹೆಸರಿತ್ತು. ಹೆಸರು ಸೇರಿಸಿದ್ದು ಖಾಲಿದ್. ಅವನು ಈಗ ಅವರ ಸೀಟಿಗೆ ಕಾರಣ ಕೇಳುವುದಿಲ್ಲ.

ಅವರ ಬೇಡಿಕೆ ಒಂದೇ. ನೀರಿನ ಮೇಜುಗಳ ಮೇಲೆ ಎಚ್ಚರಿಕೆಯ ಒಂದು ಸಾಲು ಬೇಕು. ನೋಡೋಣ ಎಂದಿದ್ದಾರೆ ಆಯೋಜಕರು. "ಪ್ರಾಯೋಜಕರು ನೀರಿನ ಕಂಪನಿಯವರು. ನೋಡೋಣ ಅಂದ್ರೆ ಎಂತ ಅಂತ ನನಗೆ ಗೊತ್ತಾಗ್ತದೆ," ಎನ್ನುತ್ತಾರೆ.

ಕಾಯದೆ ಅವರು ರಟ್ಟಿನ ಮೇಲೆ ತಾವೇ ಬರೆದು ಮೇಜಿಗೆ ಅಂಟಿಸಿದ್ದಾರೆ: "ಬಾಯಾರಿದರೆ ಮಾತ್ರ ಕುಡಿಯಿರಿ." ಅರಬಿ, ಇಂಗ್ಲಿಷ್, ಉರ್ದು, ಮಲಯಾಳಂ ಸಾಲುಗಳನ್ನು ಸಹೋದ್ಯೋಗಿಗಳಿಂದ ಬರೆಸಿದ್ದು. ಕನ್ನಡದ ಸಾಲು ಅವರದೇ ಕೈಬರಹ, ಉಳಿದವುಗಳಿಗಿಂತ ಒಂದು ಸುತ್ತು ದೊಡ್ಡದು. ಈ ಬೆಟ್ಟದಲ್ಲಿ ಕನ್ನಡ ಓದುವವರು ಯಾರು ಎಂದು ಖಾಲಿದ್ ಕೇಳಿದ್ದನಂತೆ.

"ಇನ್ನೂರು ಮಂದಿಯಲ್ಲಿ ಒಬ್ಬ ಇದ್ರೂ ಸಾಕು ಅಂದೆ," ಎನ್ನುತ್ತಾ ಸ್ವರ್ಣಲತಾ ಪಟ್ಟಿಯಿರುವ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಗಂಟೆ ಎಂಟು ದಾಟಿದೆ. ಇನ್ನೂ ಕರಗದ ಮಂಜಿನೊಳಗಿಂದ ಮೊದಲ ಓಟಗಾರ ಕೈ ಬೀಸುತ್ತಾ, ನಗುತ್ತಾ ಬರುತ್ತಿದ್ದಾನೆ. ಅವರು ನಗುವುದಿಲ್ಲ. ಅವನ ಬೆರಳುಗಳನ್ನು ನೋಡುತ್ತಾರೆ.